ಸೀತುವಿನ ಕಾಲಿನ ನರ

9 ಜನವರಿ, ಬೆಳಿಗ್ಗೆ
ತಂಗಿ ಸೀತುವಿನ ಕಾಲಿಗೆ ಅರಸಿನ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದೆ. ಹುಣ್ಣು ಮಾಯುತ್ತಿಲ್ಲ. ಸುತ್ತ ನರಗಳು ಬಳ್ಳಿಯಂತೆ ಉಬ್ಬಿವೆ. ಇಡೀ ದಿನ ನಿಂತು ಮೀನು ಮಾರುವವಳು. ಐಸಿನ ನೀರೆಲ್ಲ ಕಾಲಿಗೇ. ಉಪ್ಪುನೀರಿನ ಹುಣ್ಣು — ನಮ್ಮಲ್ಲಿ ಯಾರಿಗೆ ಬಂದಿಲ್ಲ?

ಅವಳ ಅಳಿಯ ಜಿತೇಂದ್ರನದು ಒಂದೇ ಹಟ, ಆಪರೇಷನ್. ಸ್ಕ್ಯಾನ್ ಮಾಡಿದ ಡಾಕ್ಟರು ನರದ ವಾಲ್ವ್ ಕೆಟ್ಟಿದೆ ಎಂದರಂತೆ.
"ದೊಡ್ಡತ್ತೆ, ರಕ್ತ ಮೇಲೆ ಹೋತಿಲ್ಲೆ. ಕೆಳಗೇ ನಿಂತಿತ್ತ್."
"ವಾಲ್ವ್ ಇಪ್ಪುದ್ ಪಂಪಿಗೆ, ಮಾರಾಯ. ನಿಂಗೆಷ್ಟ್ ಕಮಿಷನ್?"
ಅವನ ಮುಖ ಕೆಂಪಾಯಿತು. ಯಾಕೆ ಕೆಂಪಾಗಬೇಕು?

11 ಜನವರಿ
ತ್ರಾಸಿ ಪೇಟೆಯಲ್ಲಿ ಸೀತು ಮಾರುವ ಜಾಗದಲ್ಲಿ ಇವತ್ತು ಜಿತೇಂದ್ರನ ಅಕ್ಕ! "ಎರಡ್ ದಿನಕ್ಕೆ" ಎಂದಳು. ಜಾಗ ಕೈತಪ್ಪುವುದು ಹೀಗೆಯೇ.
ಸೀತು ನನ್ನ ಮಾತು ಮೀರುವವಳಲ್ಲ. "ಅಕ್ಕ ಹೂಂ ಅಂದ್ರೆ ಆಸ್ಪತ್ರೆಗೆ ಹೋತೆ" ಅಂದಿದ್ದಾಳೆ. ನಾನು ಹೂಂ ಅನ್ನಲಿಲ್ಲ.

29 ಜನವರಿ, ಸಂಜೆ
ಹುಣ್ಣು ಅಗಲವಾಗಿದೆ. ವಾಸನೆ ಬೇರೆ.
ಮೊಬೈಲಿನಲ್ಲಿ ಒಂದು ಕನ್ನಡ ವಿಡಿಯೊ ನೋಡಿದೆ. ಹೃದಯದಲ್ಲಿ ವಾಲ್ವ್ ಎಂಬ ಬಾಗಿಲುಗಳಿವೆಯಂತೆ, ಕೈಕಾಲಿನ ನರಗಳಲ್ಲೂ. ರಕ್ತ ಹೃದಯದ ಕಡೆ ಹೋಗುವಾಗ ತೆರೆಯುತ್ತವೆ, ಹಿಂದೆ ಬಂದರೆ ಮುಚ್ಚುತ್ತವೆ. ಈ ವಿಡಿಯೊದವನಿಗೂ ಕಮಿಷನ್ ಇರಬಹುದು... ಅವನು ತೋರಿಸಿದ ಹಾಗೆ ನನ್ನ ಕೈಯಲ್ಲೇ ಮಾಡಿದೆ. ಉಬ್ಬಿದ ನರವನ್ನು ಮಣಿಕಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ತೋರುಬೆರಳಿನಿಂದ ಮೊಣಕೈ ಕಡೆಗೆ ನೀವಿದೆ. ನರ ಬರಿದಾಯಿತು. ತೋರುಬೆರಳು ತೆಗೆದೆ. ಮೇಲಿನ ರಕ್ತ ಕೆಳಗೆ ಬರಲಿಲ್ಲ! ಹೆಬ್ಬೆರಳು ತೆಗೆದ ಕೂಡಲೇ ಕೆಳಗಿನಿಂದ ತುಂಬಿತು.

ಸೀತುವನ್ನು ಕರೆದು ನಿಲ್ಲಿಸಿದೆ.
"ಎಂತ ಅಕ್ಕ, ಬಂಗುಡೆ ಮೀನ್ ಒತ್ತಿ ಕಾಂಬ ಹಾಂಗೆ ಒತ್ತುದ್?"
ಅವಳ ಕಾಲಿನ ನರ ಒತ್ತಿದೆ, ನೀವಿದೆ, ಮೇಲಿನ ಬೆರಳು ತೆಗೆದೆ. ಮೇಲಿನಿಂದಲೇ ರಕ್ತ ಸರ್ರನೆ ಇಳಿಯಿತು. ಮತ್ತೆ ಮಾಡಿದೆ. ಮತ್ತೆ ಇಳಿಯಿತು.
"ಸೀತು... ಬಾಗಿಲ್ ಮುಚ್ತಿಲ್ಲೆ. ಆಸ್ಪತ್ರೆಗೆ ಹೋಪ."
"ಈಗ ಹೋಪನಾ? ಇಷ್ಟ್ ದಿನ ನಾನ್ ಕೂತದ್ದೇ ನೀನ್ ಬ್ಯಾಡ ಅಂದದ್ದಕ್ಕೆ."


2 ಫೆಬ್ರವರಿ, ಆಸ್ಪತ್ರೆ
ಸೀತುವನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಹೊತ್ತು. ಡಾಕ್ಟರು "ಸ್ವಲ್ಪ ಮೊದಲೇ ಬರಬೇಕಿತ್ತು" ಎಂದರು. ಸ್ವಲ್ಪ ಎಂದರೆ ಎಷ್ಟು? ಏನೋ ಮುಚ್ಚಿಡುತ್ತಿದ್ದಾರೆ. ಜಿತೇಂದ್ರ ಚಹಾ ತಂದುಕೊಟ್ಟ. ಅವನ ಮುಖ ನೋಡದೆ ಕುಡಿದೆ.
ಸೀತು ಕರೆಯುತ್ತಿದ್ದಾಳೆ. "ಬಾ ಅಕ್ಕ, ಕೈ ಹಿಡ್ಕೋ. ಒತ್ತಿ ಮಾತ್ರ ಕಾಣ್ಬೇಡ" ಎಂದು ನಗುತ್ತಾಳೆ. ಬರೆಯುವುದು ಸಾಕು, ಹೋಗುತ್ತೇನೆ.