ಬಟ್ಟಲಲ್ಲಿ ಒಂಬತ್ತು ಬೀಜ

೧೮ ಜನವರಿ ೧೯೩೧, ರವಿವಾರ. ಸಂತಪುರ

ಇಂದಿನಿಂದ ಈ ಕಾಪಿಯಲ್ಲಿ ಒಂದೇ ವಿಷಯ ಬರೆಯತಕ್ಕದ್ದು: ನನ್ನ ಹೊಟ್ಟೆಯ ಕೂಸು ದಿನಕ್ಕೆ ಎಷ್ಟು ಸಲ, ಯಾವ ಬಗೆಯಲ್ಲಿ ಮಿಸುಕಿತು ಎಂಬುದು. ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಮೊದಲ ನಂಬರು ನನ್ನದು. ಎರಡನೆಯ ನಂಬರಿನ ಕುಮುದಿನಿಗಿಂತ ಹನ್ನೊಂದು ಅಂಕ ಹೆಚ್ಚು. ಕಂಡದ್ದನ್ನು ಕಂಡಷ್ಟೇ ಬರೆಯಲು ನನಗೆ ಬರುತ್ತದೆ.

ಏಳು ತಿಂಗಳು ತುಂಬಿತು. ಅವ್ವ ಬೀದರಿನಿಂದ ಬಂದು ಕುಬಸದ ಶಾಸ್ತ್ರ ಮಾಡಿ ಹೋದಳು. ಎಂಟರಲ್ಲಿ ಬಸುರಿ ಹೊಳೆ ದಾಟಬಾರದೆಂಬುದು ಈ ಮನೆಯ ಕಟ್ಟಳೆ. ಬೀದರಿಗೂ ನಮಗೂ ನಡುವೆ ಮಾಂಜ್ರಾ ಹೊಳೆ. ಆದ್ದರಿಂದ ಒಂಬತ್ತು ಹತ್ತಿದ ಮೇಲೆಯೇ ತವರು. ಅಲ್ಲಿಯ ದವಾಖಾನೆಯ ನರ್ಸ್ ಅಂಬೂಬಾಯಿ ಅವ್ವನ ಕೂಡ ಹೇಳಿ ಕಳಿಸಿದ್ದರು—ಮಿಸುಕಾಟದ ಮೇಲೆ ಗಮನವಿರಲಿ, ಕಡಿಮೆಯಾದರೆ ಕಾಯಬೇಡ, ಬಾ.

ಕ್ರಮ: ಸ್ನಾನದಿಂದ ದೀಪ ಹಚ್ಚುವ ತನಕ. ಒಂದು ಮಿಸುಕಿಗೆ ಒಂದು ಹುಣಸೆ ಬೀಜ, ತೊಳೆದು ಒಣಗಿಸಿದ್ದು. ಅಡುಗೆಮನೆಯ ಗೂಡಿನಲ್ಲಿ ಹಿತ್ತಾಳೆ ಬಟ್ಟಲು. ಸಂಜೆಗೆ ಎಣಿಕೆ.

ಇಂದು ೩೪.

೧೯ ಜನವರಿ

೩೧. ರೊಟ್ಟಿ ಬಡಿಯುವಾಗ ಗಪ್ಪಾಗಿರುತ್ತದೆ. ಕೈ ತೊಳೆದು ಕುಳಿತರೆ ಸಾಕು, ಶುರು. ಸದ್ದಿಗೆ ನಿದ್ದೆ, ನಿಶ್ಶಬ್ದಕ್ಕೆ ಎಚ್ಚರ... ಯಾರ ಹಾಗೆಯೋ.

ಅತ್ತೆ ಗುಂಡಮ್ಮನವರು ಬಟ್ಟಲು ನೋಡಿ ನಕ್ಕರು. “ನಾ ಆರು ಹಡದೀನಿ. ಒಂದಕ್ಕರ ಬೀಜ ಎಣಿಸಿಲ್ಲವ್ವ.”

“ಎಣಿಸಿದ್ರ ಗೊತ್ತಾಗ್ತಿತ್ತಲ್ರಿ ಅತ್ತಿ.”

“ಏನ್ ಗೊತ್ತಾಗ್ತಿತ್ತು? ಒದಿತಾವ, ಹೊರಗ ಬರ್ತಾವ, ಮತ್ತ ಒದಿತಾವ. ನಿನ್ನ ಗಂಡಗ ಕೇಳ, ನಂಗ ಎಷ್ಟ ಒದ್ದಾನ ಅಂತ.”

ಬಟ್ಟಲನ್ನು ಮತ್ತೆ ಗೂಡಿನಲ್ಲಿಟ್ಟೆ.

೨೪ ಜನವರಿ, ಶನಿವಾರ

೨೯. ಬಗೆ ಬದಲಾಗುತ್ತಿದೆ. ಮೊದಲು ಬಾಣಲೆಯಲ್ಲಿ ಕಾಳು ಸಿಡಿದಂತೆ. ಈಗ ನಾದುವ ಕೊಮ್ಮಿಯಲ್ಲಿ ಹಿಟ್ಟು ಮಗುಚಿದಂತೆ, ನಿಧಾನ, ಭಾರ. ಎಡಪಕ್ಕೆಯಲ್ಲಿ ಹಿಮ್ಮಡಿಯೋ ಮೊಣಕಾಲೋ, ಒತ್ತಿದರೆ ಒಳಗೆ ಸರಿಯುತ್ತದೆ. ಜಾಗ ಕಿರಿದಾಗಿರಬೇಕು. ಚಿಂತೆಗೆ ಕಾರಣವಿಲ್ಲ.

ಭಾಲ್ಕಿಯಿಂದ ನನ್ನವರ ಪತ್ರ. ಅಲ್ಲಿಯ ಶಾಲೆಯಲ್ಲಿ ಮಾಸ್ತರರು, ತಿಂಗಳಿಗೊಮ್ಮೆ ಬರುತ್ತಾರೆ. “ಹುಟ್ಟುವ ಮೊದಲೇ ಹಾಜರಿ ಹಾಕುತ್ತಿರುವೆಯಂತೆ. ನನ್ನ ಶಾಲೆಯ ಮಕ್ಕಳಿಗಿಂತ ನಿನ್ನದೇ ಶಿಸ್ತು,” ಎಂದು ಬರೆದಿದ್ದಾರೆ. ಎರಡು ಸಲ ಓದಿದೆ.

ಇದು ವಿಷಯಕ್ಕೆ ಹೊರತು. ಇರಲಿ.

೧ ಫೆಬ್ರವರಿ, ರವಿವಾರ

೧೭.

ಎರಡು ಸಲ ಎಣಿಸಿದೆ. ಹದಿನೇಳೇ. ಅಂಗಳದಲ್ಲಿ ಹುಣಸೆ ಜಜ್ಜುತ್ತಿದ್ದ ಅತ್ತೆ ನನ್ನ ಮುಖ ನೋಡಿದರು.

“ಯಾಕ ನೀಲಾ, ಮಾರಿ ಯಾಕ ಸಣ್ಣಾಗ್ಯಾದ?”

ಹೇಳಿದೆ.

“ಎಂಟರಾಗ ಕೂಸು ಮಲಗ್ತದ. ಅದಕ್ಕ ಬಿಸಲಾಗ ತಿರಗಬಾರದ, ಹೊಳಿ ದಾಟಬಾರದ ಅಂತಾರ. ಸುಮ್ ಇರು.”

೩ ಫೆಬ್ರವರಿ

ನಿನ್ನೆ ೨೬. ಇಂದು ೨೮. ಮತ್ತೆ ಸರಿಹೋಯಿತು.

ಆದರೂ ಒಂದು ಮಾತು ಬರೆಯಬೇಕು. ದಿನವಿಡೀ ಹೊಟ್ಟೆ ಹಗುರವೆನಿಸಿತು. ಇಪ್ಪತ್ತೆಂಟು ಸಲ ಗೂಡಿನ ತನಕ ಎದ್ದು ಹೋದ ನೆನಪಿಲ್ಲ. ಆದರೆ ಅಂಕಿ ಕಣ್ಣೆದುರಿಗಿದೆ. ನೆನಪಿಗಿಂತ ಅಂಕಿಯನ್ನು ನಂಬತಕ್ಕದ್ದು.

೪ ಫೆಬ್ರವರಿ

೨೭. ಸಂತೋಷ. ಅತ್ತೆ ಹುಗ್ಗಿ ಮಾಡಿದರು.

೫ ಫೆಬ್ರವರಿ, ಗುರುವಾರ. ಊಟಕ್ಕೆ ಮೊದಲು

ಬೆಳಗಿನಿಂದ ಒಂದು ಸಲವೂ ಮಿಸುಕಿಲ್ಲ. ಬೆಲ್ಲ ತಿಂದೆ. ತಣ್ಣೀರು ಕುಡಿದೆ. ಎಡಕ್ಕೆ ಮಲಗಿದೆ. ಇಲ್ಲ.

ನಾನು ಒಂದು ಬೀಜವನ್ನೂ ಹಾಕಲಿಲ್ಲ. ಬಟ್ಟಲಲ್ಲಿ ಒಂಬತ್ತು ಇವೆ.

ಒಂಬತ್ತಕ್ಕೂ ಹಸಿ ಹುಣಸೆ ಅಂಟಿದೆ.

೬ ಫೆಬ್ರವರಿ, ಶುಕ್ರವಾರ. ಬೀದರ, ತವರುಮನೆ

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬಟ್ಟಲನ್ನು ಅತ್ತೆಯ ಮುಂದಿಟ್ಟೆ. ಅವರ ಬೆರಳುಗಳಿಗೂ ಹುಣಸೆ ಅಂಟಿತ್ತು. ಅವರೇ ನೋಡಿಕೊಂಡರು.

“ಅವತ್ತ ನಿನ್ನ ಮಾರಿ ನೋಡಲಾಕ ಆಗಲಿಲ್ಲವ್ವ. ಬಟ್ಟಲಾಗ ನಾಕ್ ಬೀಜ ಹೆಚ್ಚಿದ್ರ ನೀ ನಗತಿ ಅಂತ... ನೀ ನಕ್ಕಿದಿ.”

“ಎಷ್ಟ ದಿನಾ ಹಾಕಿದ್ರಿ?”

“ಸ್ವಾಮಾರದಿಂದ.”

“ಇವತ್ತ ಒಂದೂ ಇಲ್ರಿ ಅತ್ತಿ. ನಾ ಒಂದೂ ಹಾಕಿಲ್ಲ.”

ಅವರು ಕೂತಲ್ಲಿಂದ ಎದ್ದದ್ದು ನೆನಪಿದೆ. ಹುಣಸೆ ಬುಟ್ಟಿ ಉರುಳಿತು. ಹೊಸ್ತಿಲಿಗೆ ಹೋಗಿ ಕೂಗಿದರು, “ಲಾಲ ಅಹ್ಮದ! ಬಂಡಿ ಹೂಡು. ಬೀದರಕ್ಕ.”

ಎದುರುಮನೆಯ ಶಾಂತಾಬಾಯಿ ಕಟ್ಟೆಯಿಂದ ಕೇಳಿದಳು, “ಎಂಟರಾಗ ಹೊಳಿ ದಾಟಸ್ತೀರೇನ್ರಿ ಗುಂಡಮ್ಮ? ನನ್ನ ಸೊಸಿಗಿ ನೀವೇ ಬ್ಯಾಡ ಅಂದಿದ್ರಿ!”

“ಅಂದಿದ್ದೆ,” ಎಂದರು ಅತ್ತೆ. ಅಷ್ಟೇ.

ಬಂಡಿಯಲ್ಲಿ ಅವರು ನನ್ನ ಹೊಟ್ಟೆಯ ಮೇಲಿನಿಂದ ಕೈ ತೆಗೆಯಲಿಲ್ಲ. ನಾನು ಮುಖ ಹೊರಳಿಸಿ ಎತ್ತುಗಳನ್ನು ನೋಡುತ್ತ ಕುಳಿತೆ. ಮಾಂಜ್ರಾ ಬಂದಾಗ ಅತ್ತೆ ಇಳಿದು ಬುತ್ತಿಯ ರೊಟ್ಟಿಯೆಲ್ಲ ನೀರಿಗೆ ಬಿಟ್ಟು, ಗಾಲಿ ಹಿಡಿದು ನಿಂತು ಹೊಳೆಯೊಂದಿಗೆ ಜಗಳ ತೆಗೆದರು. “ತಪ್ಪ ನಂದದ. ತಗೋಳೋದಿದ್ರ ನನ್ನ ಕಡಿಂದ ತಗೋ. ಇಕಿನ್ ಹೊಟ್ಟಿಗಿ ಕಣ್ಣ ಹಾಕಬ್ಯಾಡ.”

ಬಂಡಿಯ ಲಾಲ ಅಹ್ಮದನಿಗೆ ತಡೆಯಲಾಗಲಿಲ್ಲ. “ಅವ್ವಾರ, ನೀರ ಮೊಣಕಾಲಿಗಿ ಬಂದಿಲ್ರಿ. ಇದಕ್ಕ ಇಷ್ಟ ಅಂಜಿದ್ರ ನಮ್ಮ ಎತ್ತ ನಗತಾವ.”

“ನಿನ್ನ ಎತ್ತಿಗಿ ಏನ ತಿಳಿತದ, ಹೊಡಿ!” ಎಂದು ಅತ್ತೆ ಮತ್ತೆ ಬಂಡಿ ಹತ್ತಿದರು.

ನಡುಹೊಳೆಯಲ್ಲಿ ಗಾಲಿ ಕಲ್ಲಿಗೆ ಬಡಿದು ಬಂಡಿ ವಾಲಿತು. ಆಗ ಎಡಪಕ್ಕೆಯಲ್ಲಿ—ಒಂದು. ಸಣ್ಣದು. ನಿಸ್ಸಂಶಯ.

“ಒಂದು,” ಎಂದೆ.

ಅತ್ತೆ ಸೆರಗಿನ ತುದಿಯಿಂದ ಒಂದು ಬೀಜ ಬಿಚ್ಚಿ ನನ್ನ ಅಂಗೈಗೆ ಇಟ್ಟರು. “ಇದು ನೀನ ಹಾಕು.”

ಮುಂದಿನ ಊರು ಜನವಾಡ ದಾಟುವ ತನಕ ಇನ್ನೊಂದು ಬರಲಿಲ್ಲ. ಅವರು ಅಳುತ್ತಿದ್ದರು. ಅವರ ಕೈ ಹಿಡಿದುಕೊಂಡೆ.

ದವಾಖಾನೆ ತಲುಪಿದಾಗ ದೀಪ ಹಚ್ಚುತ್ತಿದ್ದರು. ಅಂಬೂಬಾಯಿ ಕಟ್ಟಿಗೆಯ ತುತ್ತೂರಿ ಹೊಟ್ಟೆಗಿಟ್ಟು ಕಿವಿ ಹಚ್ಚಿದರು. ಬಹಳ ಹೊತ್ತು. ಕೊನೆಗೆ ಹೇಳಿದರು, “ಕೂಸಿನ ಎದಿ ಹೊಡಿಲತ್ತದ. ದಣಿದಾದ, ಆದ್ರ ಅದ. ಇನ್ನ ಹಡಿಯೋತನಕ ಈ ಊರ ಬಿಟ್ಟು ಹೋಗಬ್ಯಾಡ್ರಿ. ದಿನಾ ಬಂದು ತೋರಿಸ್ರಿ.” ಬಳಿಕ ಕಾಪಿ ಕೇಳಿ ಪಡೆದು ಓದಿದರು. “ಈ ಮೂರ ದಿನದ್ದು ಹೆಂಗ ಏರ್ಯಾದ?”

“ಆ ಮೂರು ನಂಬಬಾರದ್ರಿ,” ಎಂದೆ. ಅತ್ತೆ ಗೋಡೆ ಕಡೆ ತಿರುಗಿ ನಿಂತರು.

೭ ಫೆಬ್ರವರಿ

೧೪. ಎಡಕ್ಕೆ ಮಲಗಿಯೇ ಇದ್ದೇನೆ. ಬಟ್ಟಲು ಹಾಸಿಗೆಯ ಹತ್ತಿರ. ಅತ್ತೆ ಊರಿಗೆ ಹೋಗಲೊಲ್ಲರು. ಅವ್ವನ ಅಡುಗೆಮನೆಯಲ್ಲಿ ರೊಟ್ಟಿ ಯಾರು ಬಡಿಯಬೇಕೆಂದು ಇಬ್ಬರಿಗೂ ವಾದ.

೮ ಫೆಬ್ರವರಿ

೧೯.

೧೧ ಫೆಬ್ರವರಿ

೨೨. ಎಲ್ಲವೂ ನನ್ನವೇ, ತೊಳೆದವೇ.

೧ ಮಾರ್ಚ್, ರವಿವಾರ

ಹತ್ತು ದಿನದ ಹಿಂದೆ ಹಡೆದೆ. ಹೆಣ್ಣು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿಗಿದಿತ್ತಂತೆ. ಅಂಬೂಬಾಯಿ ಬಿಡಿಸಿದರು, ಆಮೇಲೆ ಅತ್ತಿತು. ಬಹಳ ಸಣ್ಣದು, ಆದರೆ ಹಾಲು ಕುಡಿಯುವುದರಲ್ಲಿ ಮೊದಲ ನಂಬರು. ಮಠದ ಅಯ್ಯನವರು ಬಂದು ಲಿಂಗ ಕಟ್ಟಿ ಹೋದರು. ನನ್ನವರು ಭಾಲ್ಕಿಯಿಂದ ಬಂದು ನೋಡಿ, ಒಂದು ತಾಸು ಕೂಸನ್ನು ತೊಡೆಯಿಂದ ಇಳಿಸಲಿಲ್ಲ. ಹಾಜರಿಯ ಮಾತು ಮತ್ತೆ ತೆಗೆಯಲಿಲ್ಲ.

ಒದೆತ ಈಗ ಹೊರಗೆ. ಎಣಿಸುತ್ತಿಲ್ಲ. ಕಾಪಿಯ ಉದ್ದೇಶ ಮುಗಿಯಿತು.

೪ ಮಾರ್ಚ್, ಮಧ್ಯಾಹ್ನ

ಅತ್ತೆ ಕಾಲು ಚಾಚಿ ಕುಳಿತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದರು. ಅದು ಅವರ ಮೊಣಕೈಗೆ ಒದೆಯಿತು. ಅವರು ನಕ್ಕರು, ಆಮೇಲೆ ನನ್ನ ಕಾಪಿ ನೋಡಿದರು.

“ನೀಲಾ, ಅದರಾಗ ನಂದೂ ಬರದಿದ್ದಿ ಹೌದಿಲ್ಲೋ? ಆ ಒಂಬತ್ತ ಬೀಜದ್ದು.”

“ಬರದೀನ್ರಿ.”

“ನಾಳಿ ಇಕಿ ನಿನ್ನಂಗ ಸಾಲಿ ಕಲೀತಾಳ. ಓದತಾಳ. ನಮ್ಮ ಆಯಿ ಹಿಂಥಾಕಿ ಇದ್ಲಾ ಅಂತಾಳ.” ಎಣ್ಣೆಗೈ ಮುಂದೆ ಚಾಚಿದರು. “ಆ ಹಾಳಿ ಹರದು ಕೊಡು, ಒಲಿಗಿ ಹಾಕ್ತೀನಿ.”

ಬಾಗಿಲಲ್ಲಿ ನಿಂತಿದ್ದ ಅವ್ವನೂ “ಕೊಟ್ಟ ಬಿಡವ್ವ, ಹಿರೇರು ಕೇಳ್ಲತ್ತಾರ,” ಎಂದಳು.

ಹಾಳೆ ಹರಿಯುವುದಿಲ್ಲ. ಅತ್ತೆ ಹೊಳೆ ದಾಟಿಸಿದ್ದೂ ಅದರಲ್ಲೇ ಇದೆ.