ಡೆಸ್ಕ್‌ಟಾಪ್ ಮೇಲಿದ್ದ ಹಾಡುಗಳು

ಕಂಪ್ಯೂಟರ್ ರಿಪೇರಿಯ ಶ್ರೀಕರ ಅವರಿಗೆ ಕೊತ್ತಗೆರೆ ಶಿವರಾಮಯ್ಯನ ನಮಸ್ಕಾರ.

ಬೆಳಿಗ್ಗೆ ನೀವು, "ಸಿ ಡ್ರೈವ್ ಪೂರ್ತಿ ಅಳಿಸ್ತೀನಿ, ಡಿ ಮುಟ್ಟಲ್ಲ, ಏನೂ ಹೋಗಲ್ಲ ಬುಡಿ" ಅಂದಿರಿ. ನಾನೂ ಹೂಂ ಅಂದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪಕ್ಕದ ಮನೆಯ ಇಂಪನಾ, "ಅಯ್ಯೋ ತಾತ, ಡೆಸ್ಕ್‌ಟಾಪ್ ಮೇಲಿರೋದೂ ಸಿ ಒಳಗೇ ಇರ್ತದೆ, ಓಡು!" ಅಂದಳು. ಬಂದರೆ ಅಂಗಡಿ ಮುಚ್ಚಿದೆ, ನಿಮ್ಮ ಫೋನೂ ಆಫ್.

ಆ ಡೆಸ್ಕ್‌ಟಾಪ್ ಮೇಲಿರುವುದು ನಮ್ಮ ಮನೆಯವಳು ಹಾಡಿದ ಸೋಬಾನೆ ಹಾಡುಗಳು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ದನಿಯಿಲ್ಲ.

ಅಳಿಸಿಲ್ಲದಿದ್ದರೆ ಮೊದಲು ಹಾಡುಗಳನ್ನು ಡಿಗೆ ಹಾಕಿ. ಅಳಿಸಿಬಿಟ್ಟಿದ್ದರೆ ದಯವಿಟ್ಟು ಅದರ ಮೇಲೆ ಇನ್ನೇನೂ ತುಂಬಬೇಡಿ, ಸ್ವಿಚ್ಚೂ ಹಾಕಬೇಡಿ. ಮೊದಲು ನನ್ನನ್ನು ಕರೆಯಿರಿ.

ಈಗಷ್ಟೇ ಅವಳು ಫೋನ್ ಮಾಡಿ ಸುಮ್ಮನೆ ಹಿಡಿದುಕೊಂಡಿದ್ದಳು. ಹಾಡೆಲ್ಲ ಹಾಗೇ ಇವೆ ಅಂತ ಹೇಳಿಬಿಟ್ಟಿದ್ದೇನೆ.

ಎದುರು ಬೇಕರಿಯಲ್ಲಿ ಕಾಯುತ್ತಿರುವ,
ಶಿವರಾಮಯ್ಯ