ಮೇಣದ ಅಂಕಿಗಳು

೩ ಫೆಬ್ರುವರಿ, ಸೋಮವಾರ

ಇವತ್ತೂ ಚಹಾ ಉಕ್ಕಿಸಿದೆ. ಅತ್ತೆ ತಾವೇ ಒಲೆ ಒರೆಸಿದರು. ಸೋ ಸ್ವೀಟ್! ಕನ್ನಡದಲ್ಲೇ ಬರೆಯುತ್ತೇನೆ — ಮರಾಠಿ ಶಾಲೆಯಲ್ಲಿ ಕಲಿತ ಗಂಡ ನಿತಿನನಿಗೆ ಓದಲು ಬರುವುದಿಲ್ಲ!

ಕೊರಿಯರ್ ಬಂತು. ಅವನಿಗೆ ನನ್ನ ಸರ್‌ಪ್ರೈಸ್. ಕಾಲೇಜಿನಲ್ಲಿ ಅವನು ತನ್ನ ಅಣ್ಣನ ಜೊತೆ ಆಡುತ್ತಿದ್ದ ರೋಲ್‌ಪ್ಲೇ ಆಟದ ಹೊಸ ಆವೃತ್ತಿ. ರಾಕ್ಷಸರು, ಮಂತ್ರವಾದಿಗಳು, ನಾವೇ ಹುಟ್ಟಿಸುವ ವೀರರು — ಎಲ್ಲ ಮೇಜಿನ ಸುತ್ತ ಕೂತು, ಮಾತಿನಲ್ಲೇ. ಪುಟಪುಟಕ್ಕೂ ಬಣ್ಣ! ಹೊಳೆಯುವ ದಾಳಗಳು!

ನೋಡಿದ. 'ಥ್ಯಾಂಕ್ಸ್' ಅಂದ. ಕಪಾಟಿನಲ್ಲಿಟ್ಟ. ಅಷ್ಟೇ...

೯ ಫೆಬ್ರುವರಿ, ರವಿವಾರ

ನಾನು ಬಿಡುವವಳಲ್ಲ. ಆಟದ ಹಳೆಯ ಡಬ್ಬಿಯನ್ನೂ ತೆಗೆಸಿದೆ. ನಿತಿನನ ಅಣ್ಣ, ಅವನ 'ದಾದಾ', ಸಿದ್ಧೇಶ್ವರ ಭಾವ ಪುಣೆಯ ರದ್ದಿ ಅಂಗಡಿಯಲ್ಲಿ ಹುಡುಕಿ ತಂದದ್ದು. ಭಾವನನ್ನು ನಾನು ನೋಡಿಲ್ಲ. ಎರಡು ವರ್ಷದ ಹಿಂದೆ, ಕುಂಭಾರಿ ಹತ್ತಿರ, ಬೈಕು ಅಪಘಾತ.

ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಹಳೆಯದು ತೆಳು, ಬಣ್ಣವಿಲ್ಲ. ನಿಯಮ ಕಡಿಮೆ, ದಯೆ ಇನ್ನೂ ಕಡಿಮೆ. ಹೊಸದರಲ್ಲಿ ವೀರನ ಪ್ರಾಣ ಸೊನ್ನೆಗೆ ಇಳಿದರೂ ದಾಳ ಒಗೆದು ಬದುಕಿಕೊಳ್ಳಬಹುದು.

"ಎಷ್ಟ್ ಛಂದ ಐತಿ ನೋಡ! ಹಳೇದ್ರಾಗ?" ಅಂದೆ.

"ಹಳೇದ್ರಾಗ ಸೊನ್ನಿ ಅಂದ್ರ ಸತ್ತ. ಮುಗೀತು."

"ಹಂಗಾರ ಹೊಸಾದೇ ಬೆಸ್ಟ್!"

"ಹೂಂ. ದಾದಾಗ ಯಾರು ಕೊಟ್ರು ಇನ್ನೊಂದು ಛಾನ್ಸ್?"

ಎದ್ದು ಹೋದ. ಛೆ, ನನ್ನ ಬಾಯಿ.

೨೫ ಫೆಬ್ರುವರಿ, ಮಂಗಳವಾರ

ನಾಳೆ ಶಿವರಾತ್ರಿ. ದೇವರ ಜಗಲಿ ತೊಳೆಯುವ ಕೆಲಸ ಹೊಸ ಸೊಸೆಗೆ! ಹುಣಸೆಹುಳಿಯಲ್ಲಿ ಉಜ್ಜಿ ಎಲ್ಲ ಫಳಫಳ ಮಾಡಿದೆ. ಸಾಲಿನ ಕೊನೆಗೆ ಭಾವನ ನೀಲಿ ದಾಳ, ಇಪ್ಪತ್ತು ಮುಖದ್ದು. ಅತ್ತೆ ದಿನವೂ ಅದಕ್ಕೂ ವಿಭೂತಿ ಹಚ್ಚುತ್ತಾರೆ. ಗೀರುಗಳಲ್ಲೆಲ್ಲ ಬೆಳ್ಳಗೆ ಕೂತಿತ್ತು. ಹೊಳೆಯಲಿ ಅಂತ, ಪ್ರೀತಿಯಿಂದಲೇ — ಬಿಸಿನೀರು, ಬ್ರಶ್.

ಬಿಳಿಯದೆಲ್ಲ ಇಳಿದುಹೋಯಿತು. ವಿಭೂತಿ ಅಂದುಕೊಂಡಿದ್ದೆ.

ಅವು ಅಂಕಿಗಳು.

ಸಂಜೆ

ನಿತಿನ ಹೇಳಿದ. "ಹಳೇ ಡಬ್ಬ್ಯಾಗಿನ ದಾಳಕ್ಕ ಅಂಕಿ ಬರೇ ಕೊರದಿರ್ತಾವ. ಬಣ್ಣ ನಾವ ತುಂಬಬೇಕು. ದಾದಾ ಬಿಳಿ ಮೇಣದ ಕ್ರೆಯಾನ್ ತಿಕ್ಕಿ ತುಂಬಿದ್ದ." ಹೊಸ ದಾಳಗಳು ತುಂಬಿಕೊಂಡೇ ಬರುತ್ತವೆ. ನನಗೇನು ಗೊತ್ತು?

ಅತ್ತೆ ದಾಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮತ್ತೆ ಜಗಲಿಯ ಮೇಲಿಟ್ಟು ಒಳಗೆ ಹೋದರು.

೯ ಮಾರ್ಚ್, ರವಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಅತ್ತೆ ಮಾತಾಡುತ್ತಾರೆ — ಉಪ್ಪು, ಹಾಲು, ಗ್ಯಾಸು, ಅಷ್ಟೇ. ತವರು ಅಕ್ಕಲಕೋಟೆಗೆ ಓಡಿಹೋಗಿ ಅವ್ವನ ಮಡಿಲಲ್ಲಿ ಅಳಬೇಕು ಅನ್ನಿಸಿತ್ತು.

ಇವತ್ತು ಊಟವಾದ ಮೇಲೆ ಅತ್ತೆ ದಾಳ, ಬೆರಳಿನ ಉಗುರಿನಷ್ಟು ಉಳಿದ ಕ್ರೆಯಾನ್ ಹಿಡಿದು ಬಂದರು.

"ಪೂನಮ, ಬಾ ಇಲ್ಲಿ. ನನ್ನ ಕಣ್ಣಿಗೆ ಕಾಣೂದಿಲ್ಲ. ನೀ ತುಂಬು."

"ಅತ್ತಿಯವ್ರ, ಮತ್ತ ಹೋದ್ರರಿ?"

"ಹೋದ್ರ ಮತ್ತ ತುಂಬೂದು. ಅವನೂ ವರ್ಷಾ ವರ್ಷಾ ತುಂಬ್ತಿದ್ದ. ಹಾಸಗಿ ಮ್ಯಾಲೆಲ್ಲಾ ಮೇಣ! ನನ್ನ ಕಡಿಂದ ಬೈಸ್ಕೊಂತಿದ್ದ, ಹಲ್ಲ ಕಿಸೀತಿದ್ದ."

ತಿಕ್ಕಿದೆ. ಒರೆಸಿದೆ. ಒಂದೊಂದೇ ಅಂಕಿ ಎದ್ದು ಬಂತು. ನಿತಿನ ಮೊಬೈಲ್ ಟಾರ್ಚ್ ಹಿಡಿದ.

"ದಾದಾನ ವೀರ ಇನ್ನಾ ಬದುಕ್ಯಾನ, ಅವ್ವಾ. ಆಟ ಅರ್ಧಕ್ಕ ನಿಂತೈತಿ."

"ಅವನ ಪಾಳಿ ನಾ ಆಡ್ಲೇನು?" ಅತ್ತೆ ಕೇಳಿದರು.

"ಹಳೇದ್ರಾಗ ಬಿದ್ದ್ರ ಸತ್ತ. ಹೊಸಾದ್ರಾಗ ಎಬ್ಬಸಾಕ ಬರ್ತೈತಿ."

"ಎಬ್ಬಸೂದ ಆಡು."

ನಿತಿನ ಎದ್ದು ಕಪಾಟಿನಿಂದ ನನ್ನ ಪುಸ್ತಕ ತಂದ. ಮೊದಲ ಪುಟವನ್ನು ಮೆಲ್ಲಗೆ ಬಿಚ್ಚಿದ.

ಚಹಾ ಇಡುವ ನೆವದಲ್ಲಿ ಒಳಗೆ ಬಂದು ಬರೆಯುತ್ತಿದ್ದೇನೆ. ಅಳು ಬರುತ್ತಿದೆ, ಹುಚ್ಚಿ ನಾನು. ನಿತಿನ ಕರೆಯುತ್ತಿದ್ದಾನೆ — "ಪೂನಮ, ಲಗೂ ಬಾ! ಅವ್ವ ದಾಳ ಹಿಡ್ಕೊಂಡ ಕುಂತಾಳ. ನೀ ಬರೂತನಾ ಒಗಿಯೂದಿಲ್ಲ ಅಂತಾಳ!"

ಚಹಾ ಉಕ್ಕುತ್ತಿದೆ. ಉಕ್ಕಲಿ. ನಾನು